ಹದ್ದಲ್ಲರೀ, ಗಿಡುಗ!

ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಬಿದ್ದರೆ ಸಾಕು, ನನ್ನ ತಲೆ ಕೆಡಿಸಲು ಯಾರಾದರೊಬ್ಬರು ಎದುರಾಗಿಯೇ ಆಗುತ್ತಾರೆ. ನಾನು ನಿವೃತ್ತ ವಿಜ್ಞಾನ ಮಾಸ್ತರ. ಮನೆ ಕಲಬುರಗಿಯ ಕೋಟನೂರ ಕಡೆಯ ಹೊಸ ಬಡಾವಣೆಯಲ್ಲಿ. ಬಿ.ಪಿ. ಇಳಿಯಲಿ ಎಂದು ಡಾಕ್ಟರು ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಅಂದರು. ಹದ್ದು, ಗಿಡುಗ ನೋಡತೊಡಗಿದೆ. ಬಿ.ಪಿ. ಏರಿದ್ದೇ ಆವಾಗ.

ಸಂಡಿಗೆ

ಪಕ್ಕದ ಮನೆಯ ಬೇವಿನ ಗಿಡದಲ್ಲಿ ಗಿಡುಗವೊಂದು ಮರಿ ಮಾಡಿತ್ತು. ಒಂದು ಮುಂಜಾನೆ ಆ ಮನೆಯಾಕೆ ಕಾಂಪೌಂಡಿನಾಚೆಯಿಂದಲೇ ಕೂಗಿದರು.

"ನಿಮ್ಮ ಹದ್ದು ನಮ್ಮ ಸಂಡಿಗಿ ತಿಂದದ ನೋಡ್ರೀ! ಇವತ್ತ ಟೊಂಗಿ ಕಡಸ್ತೀನಿ."

ನನಗೆ ಕಿಡಿ ಹತ್ತಿತು. "ಅದು ಹದ್ದಲ್ಲರೀ ಅಕ್ಕಾರ, ಗಿಡುಗ! ಮಾಂಸ ಬಿಟ್ಟು ಬ್ಯಾರೆ ಏನೂ ಮುಟ್ಟಂಗಿಲ್ಲ."

"ಅಂದ್ರ ನಮ್ಮ ಸಂಡಿಗ್ಯಾಗ ಮಾಂಸ ಅದ ಅಂತೀರೇನ್ರೀ? ನಮ್ಮ ಮನ್ಯಾಗ ತತ್ತಿ ಸುದ್ದಾ ತರಂಗಿಲ್ಲ!"

ಜಗಳದ ಭರದಲ್ಲಿ ಟೊಂಗೆ ಉಳಿಯಿತು. ಸಂಜೆಯೊಳಗೆ ಓಣಿಗೆಲ್ಲ ಸುದ್ದಿ: ಮಾಸ್ತರು ಸಂಡಿಗೆಯಲ್ಲಿ ಮಾಂಸ ಕಂಡುಹಿಡಿದಾರಂತ!

ಗೋಡೆ

ಹಿಂದಿನ ರಸ್ತೆಯ ಕಂಬದ ಮೇಲೆ ಹದ್ದು ಕೂತಿತ್ತು. ದುರ್ಬೀನಿನಲ್ಲಿ ನೋಡುವುದು, ವಹಿಯಲ್ಲಿ ಬರೆಯುವುದು ನಡೆದಿತ್ತು. ಕಂಬದೆದುರಿನ ಮನೆಯವನು ನನ್ನನ್ನು ಕಾರ್ಪೊರೇಷನ್ನಿನವನೆಂದುಕೊಂಡು ಓಡಿಬಂದು ಚಹಾದ ಕಪ್ಪು ಕೈಗಿಟ್ಟ. ಹದ್ದು ಹಾರಿಹೋಯಿತು.

"ಗ್ವಾಡಿ ಎರಡೇ ಅಡಿ ರೀ ಸರ್, ರಸ್ತೆಕ್ಕ ಬಂದದ. ಬರಕೋಬ್ಯಾಡ್ರಿ."

"ಏನಪಾ ನಿಂದು? ನಾ ಪಕ್ಷಿ ನೋಡಾವ!" ಎಂದು ಒದರಿದೆ.

ಅವನು ಕೈ ಮುಗಿದ. "ಪಕ್ಷ ಯಾವುದರೆ ಇರ್ಲಿ ಸರ್, ಗ್ವಾಡಿ ಮಾತ್ರ ಮುಟ್ಟಬ್ಯಾಡ್ರಿ."

ಚಾಣ

ಹೋದ ಚಳಿಗಾಲ ಇಬ್ಬರು ಗೆಳೆಯರನ್ನು ಕಮಲಾಪುರದ ಕಡೆ ಕರೆದೊಯ್ದಿದ್ದೆ. ಜೋಳದ ಹೊಲದ ಮೇಲೆ ಹಕ್ಕಿಯೊಂದು ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತು. ಇಬ್ಬರೂ ಒಟ್ಟಿಗೇ "ಹದ್ದು!" ಅಂದರು.

"ಹದ್ದು ಹಿಂಗ ಒಂದೇ ಜಾಗಾದಾಗ ನಿಂದರ್ತದೇನ್ರೋ? ಅದು ಚಾಣ! ಮ್ಯಾಲೆ ನಿಂತು ಇಲಿ ಹುಡಕಾಕತ್ತದ!" ಎಂದು ಬೈದು, ಅರ್ಧ ತಾಸು ಬಿಸಿಲಲ್ಲಿ ನಿಲ್ಲಿಸಿ ಅದರ ಬಾಲ, ರೆಕ್ಕೆ, ಸ್ವಭಾವದ ಪಾಠ ಮಾಡಿದೆ. ಬದುವಿನ ಮೇಲೆ ಕೂತು ಕೇಳುತ್ತಿದ್ದ ಹೊಲದ ಯಜಮಾನ ಕಿಸಕ್ಕನೆ ನಕ್ಕ.

"ಯಾಕ ನಗ್ತಿ?" ಎಂದು ಅವನ ಮೇಲೂ ಹರಿಹಾಯ್ದೆ.

"ಅದು ಪ್ಲಾಸ್ಟಿಕ್ಕಿಂದು ರೀ ಸರ್. ಗಿಳಿ ಹೆದರ್ಲಿ ಅಂತ ನಾನೇ ಕೋಲಿಗಿ ದಾರ ಕಟ್ಟಿ ಹಾರಿಸೀನಿ."

ಗೆಳೆಯರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮಾತು ತಿರುಗಿಸಲು, "ಮತ್ತ, ಗಿಳಿ ಹೆದರ್ತಾವೇನು?" ಅಂದೆ.

"ಎಲ್ಲಿದ್ರೀ! ಅವು ಎರಡೇ ದಿನದಾಗ ಗುರುತು ಹಿಡದು ಬಿಟ್ಟಾವ. ಇಲ್ಲೀತನಕ ನಂಬಿದವ್ರು ಅಂದ್ರ ನೀವೊಬ್ರೇ."