ಮಾಮ ಮಾಡಿದ ಬಾಣಂತನ

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಸರಿಯಾಗಿ ನನ್ನ ಇಪ್ಪತ್ತು ದಿನದ ಮಗ ಅಳತೊಡಗಿದ. ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀ ಎನ್ನುವಿರಾ? ನಮ್ಮ ಮಾಮ ಅದನ್ನು ಇದ್ದಲಿನಿಂದ ಗೋಡೆಯ ಮೇಲೆ ಬರೆದಿದ್ದ! ಜಗತ್ತಿನಲ್ಲಿ ಇರುವುದು ನೀರು ಮತ್ತು ಗಾಳಿ ಎರಡೇ, ಮಿಕ್ಕದ್ದೆಲ್ಲ ಅವು ಹರಿಯುವ ಕೊಳವೆ ಎಂದು ನಂಬಿದ್ದ ಮನುಷ್ಯ ಅವನು.

ಮಾಮ ಎಂದರೆ ಅವ್ವನ ತಮ್ಮ. ಮದುವೆಯಾಗಿರಲಿಲ್ಲ, ಕಕ್ಕೇರಾ ಹತ್ತಿರದ ನಮ್ಮ ಮನೆಯಲ್ಲೇ ಇದ್ದ. ಕಾಲುವೆ ಬಂದ ಹೊಸದರಲ್ಲಿ ಹೊಲಗಳಿಗೆ ನೀರು ಬಿಡುವ ಗೇಟು ಕಾಯುವ ಕೆಲಸಕ್ಕೆ ಸೇರಿದವನು ಆಮೇಲೆ ಮನುಷ್ಯನಾಗಿ ಉಳಿಯಲಿಲ್ಲ, ಪೂರ್ತಿ ನೀರಾವರಿ ಇಲಾಖೆಯಾದ! ನನ್ನ ಮದುವೆಯ ಊಟದಲ್ಲಿ ಸಾರಿನ ಬಕೆಟ್ಟಿಗೆ ಇಣುಕಿ, "ಕೊನೀ ಸಾಲಿಗಿ ಮುಟ್ಟಂಗಿಲ್ಲ. ಮ್ಯಾಲಿನವ್ರು ಜರಾ ಬಂದ್ ಮಾಡ್ರಿ" ಎಂದು ಕೂಗಿದ್ದ. ಬೀಗರ ಕೈಯಲ್ಲಿದ್ದ ಹೋಳಿಗೆ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

ಬಾಣಂತನಕ್ಕೆಂದು ತವರಿಗೆ ಬಂದ ನನ್ನ ಕೋಣೆಗೂ ಇಲಾಖೆ ಕಾಲಿಟ್ಟಿತು. ಮಗು ಎದೆಹಾಲು ಕುಡಿಯುವುದು, ಮೊಣಕಾಲು ಹೊಟ್ಟೆಗೆ ಮಡಚಿ ಕೆಂಪಗಾಗಿ ಚೀರುವುದು. ಹಾಲು ಸಾಲದು ಎಂದಳು ಅವ್ವ.

"ಹಾಲು ಭರಪೂರ ಅದ ಅಕ್ಕಾ. ಗಾಳಿ ಸಿಕ್ಕೊಂಡದ. ಮೋಟರ್ ಪೈಪಿನ್ಯಾಗ ಗಾಳಿ ಹೊಕ್ರ ಏನ್ ಮಾಡ್ತೀವಿ? ಎತ್ತಿ ಹಿಡೀತೀವಿ."

"ನನ್ನ ಮೊಮ್ಮಗ ಮೋಟರ್ ಏನೋ ಹುಚ್ಚಾ?"

"ಮೋಟರ್ ಇಷ್ಟು ಒದರಂಗಿಲ್ಲ ಬಿಡು."

ಮಾಮ ಮಗುವನ್ನು ಹೆಗಲಿಗೆ ನೆಟ್ಟಗೆ ಹಾಕಿಕೊಂಡು, ತಲೆಗೆ ಆಸರೆ ಕೊಟ್ಟು, ಬೆನ್ನು ಸವರುತ್ತ ಅಂಗಳದಲ್ಲಿ ನಡೆದ. ಬಳಿಕ ಅಂಗಾತ ಮಲಗಿಸಿ, ಎರಡು ಪುಟ್ಟ ಪಾದ ಹಿಡಿದು, ಗೇಟಿನ ಚಕ್ರ ತಿರುಗಿಸುವಂತೆ, "ಅರ್ಧ ಸುತ್ತು ಎಡಕ್ಕ... ಸಾವಕಾಶ... ಅರ್ಧ ಸುತ್ತು ಬಲಕ್ಕ" ಎಂದ. ಭರ್ರೆಂದು ಸದ್ದಾಯಿತು.

"ತೆರೀತು ನೋಡು ಗೇಟು!"

ಎಲ್ಲರೂ ನಕ್ಕೆವು. ಒಂದೂಕಾಲಿಗೆ ಮತ್ತೆ ಅಳು.

ಹೀಗೆ ಏಳು ರಾತ್ರಿ. ಎಂಟನೆಯ ಸಂಜೆ ಮಾಮ ಗೇಟಿನ ಕಡೆ ಹೋದದ್ದೇ ತಡ, ಅವ್ವ ಪಕ್ಕದ ಮನೆಯ ಮುದುಕಿಯನ್ನು ಕರೆತಂದಳು. ಹೊಟ್ಟೆ ಉಬ್ಬಿದ ಕೂಸಿಗೆ ಕಾದ ಕಬ್ಬಿಣದಿಂದ ಬರೆ ಹಾಕುವ ರೂಢಿ ನಮ್ಮ ಕಡೆ ಇತ್ತು. ಮುದುಕಿ ಒಲೆಯಲ್ಲಿ ಕುಡುಗೋಲಿನ ತುದಿ ಕಾಯಿಸಿದಳು.

"ನಿನಗೂ ಹಾಕೀವಿ. ಸತ್ತಿಯೇನು?" ಎಂದಳು ಅವ್ವ.

ನಾನು ಸುರಪುರದಲ್ಲಿ ಬಿ.ಎ. ಮುಗಿಸಿದವಳು. ಬೇಡ ಎನ್ನಬಹುದಿತ್ತು. ನಿದ್ದೆಗೆಟ್ಟ ಈ ಕೈಗಳಿಂದ ನಾನೇ ಮಗುವಿನ ಅಂಗಿ ಎತ್ತಿ ಹಿಡಿದೆ! ಈಗಲೂ ಒಲೆಯ ಮುಂದೆ ನಿಂತಾಗ ಆ ಕೆಂಪು ತುದಿ ಮತ್ತೆ ಇಳಿಯುತ್ತದೆ, ನನ್ನ ಕೈ ಮತ್ತೆ ಅಂಗಿ ಎತ್ತುತ್ತದೆ.

ಕುಡುಗೋಲು ಇಳಿಯಿತು. ಚುರ್ ಎಂದದ್ದು ಮಾಮನ ಕೈಯ ಹಿಂಬದಿ. ಗೇಟಿನ ಕೀಲಿ ಮರೆತು ವಾಪಸ್ ಬಂದವನು ಓಡಿಬಂದು ಮಗುವಿನ ಹೊಟ್ಟೆಯನ್ನು ಅಂಗೈಯಿಂದ ಮುಚ್ಚಿದ್ದ. ಕೀಲಿ ಮರೆಯದೇ ಇದ್ದಿದ್ದರೆ?

"ಅಯ್ಯ ನಿನ ಕೈ!" ಮುದುಕಿ ಚೀರಿದಳು.

"ಬರಿ ಹಾಕೂದು ಮುಗೀತಲ್ಲ ಆಯಿ? ಇನ್ನ ಮನಿಗಿ ನಡಿ. ಪೈಪ್ ಸುಟ್ರ ಗಾಳಿ ಹೋಗಂಗಿಲ್ಲ, ಪೈಪೇ ಹೋಗ್ತದ." ಎಂದವನೇ ಇನ್ನೊಂದು ಕೈಯಿಂದ ಮಗುವಿನ ಅಂಗಿಯನ್ನು ಕೆಳಗೆ ಎಳೆದ.

ಮರುದಿನ ಸುರಪುರದ ಡಾಕ್ಟರು ಮಗುವನ್ನು ತೂಗಿ ನೋಡಿ, "ಕೂಸು ಚಲೋ ಬೆಳೆಯಾಕತ್ತದ. ಎದಿಹಾಲು ಬಿಡಬ್ಯಾಡ್ರಿ, ಬ್ಯಾರೆ ಏನೂ ಕುಡಸಬ್ಯಾಡ್ರಿ. ಕುಡದ ಮ್ಯಾಲ ನೆಟ್ಟಗ ಎತ್ತಿ ತೇಗಸ್ರಿ. ಮೂರ್ನಾಕು ತಿಂಗಳಿಗಿ ತಾನೇ ಕಡಿಮಿ ಆಗ್ತದ" ಎಂದರು. ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಮಾಮ ನನ್ನ ಕಿವಿಯಲ್ಲಿ, "ಇವ್ರು ಮೊದಲ ನಮ್ಮ ಇಲಾಖಿದಾಗ ಇದ್ದಿರಬೇಕು" ಎಂದ.

ಆಮೇಲಿನ ಎರಡು ತಿಂಗಳು ನಾನು ಕುಡಿಸುವುದು, ಅವನು ತೇಗಿಸುವುದು. ಅವನು ಅಂಗಳದಲ್ಲಿ ನಡೆದ ದೂರ ಕಾಲುವೆಯ ಉದ್ದವನ್ನೂ ಮೀರಿರಬೇಕು! ಅವ್ವ ದಿನಾ ತಮ್ಮನ ಕೈಗೆ ಮುಲಾಮು ಹಚ್ಚುತ್ತಿದ್ದಳು.

ಒಂದು ಶುಕ್ರವಾರ ನನಗೆ ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿತ್ತು. ಧಡಕ್ಕನೆ ಎದ್ದು ತೊಟ್ಟಿಲಿಗೆ ಓಡಿದೆ. ಮಗ ಅಂಗಾತ ಮಲಗಿ, ತುಟಿ ಚೀಪುತ್ತ ನಿದ್ರಿಸುತ್ತಿದ್ದ. ಪಕ್ಕದಲ್ಲಿ, ಬರೀ ನೆಲದ ಮೇಲೆ, ಒಂದು ದಿನವೂ ಕೆಲಸದ ಹೊತ್ತು ತಪ್ಪಿಸದ ಮಾಮ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಹೊರಗೆ ನಾಲ್ಕಾರು ರೈತರು ಬಂದು ನಿಂತಿದ್ದರು.

"ಅಕ್ಕಾರ, ನೀರ್ ಬಿಡೂ ಹೊತ್ತು ಮೀರೇದ್ರಿ. ಎಲ್ಲಿ ಅದಾನ ಅವ?"

ಅವ್ವ ಬಾಗಿಲಿಗೆ ಅಡ್ಡ ನಿಂತಳು. ಸೆರಗಿನಿಂದ ಕಣ್ಣೊರೆಸಿಕೊಂಡು, ತುಟಿಗೆ ಬೆರಳಿಟ್ಟಳು.

"ಸಾವಕಾಶ ಮಾತಾಡ್ರಿ. ಮಕ್ಕಳು ಮಲಗ್ಯಾವ."