ಬ್ಯಾಂಡ್ ಬಿಗಿದ ಹೊಟ್ಟೆಗೆ ಮೂವತ್ತಮೂರು ಅನಾರಸ

ಹೊಟ್ಟೆಗೆ ಬ್ಯಾಂಡ್ ಹಾಕುವ ಡಾಕ್ಟರು ಲಂಡನ್ನಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅತ್ತೆಯ ಸೌಟಿಗೆ ಬ್ಯಾಂಡ್ ಹಾಕುವವರು ಒಬ್ಬರೂ ಇಲ್ಲ. ವೈದ್ಯಲೋಕದ ಮೇಲೆ ನನಗಿರುವ ದೂರು ಇದೊಂದೇ.

ಮೊದಲು ಹೊಟ್ಟೆಯ ಇತಿಹಾಸ ಹೇಳಿಬಿಡುತ್ತೇನೆ. ನಾನು ಉದಯಶಂಕರ್, ಊರು ಧಾರವಾಡ, ಈಗ ಲಂಡನ್ನಿನ ರೇನರ್ಸ್ ಲೇನ್. ನನ್ನ ಮದುವೆಯ ಪಂಕ್ತಿಯಲ್ಲಿ ನಾನು ಹೋಳಿಗೆ ತಿಂದ ವೈಖರಿಗೆ ಅಡಿಗೆಯವನೇ ಒಳಗಿನಿಂದ ಎದ್ದು ಬಂದು ನನ್ನ ಮುಖ ನೋಡಿಕೊಂಡು ಹೋಗಿದ್ದ. ಅತ್ತೆ ರತ್ನಾಬಾಯಿಯವರು ಅಂದಿನಿಂದ ಓಣಿಯಲ್ಲೆಲ್ಲ, "ನಮ್ಮ ಅಳಿಯಂದ್ರಿಗೆ ಬಡಸೂದೇ ಒಂದು ಪುಣ್ಯ" ಎಂದು ಹೇಳಿಕೊಂಡು ಬಂದರು. ಆ ಕೀರ್ತಿಯನ್ನು ನಾನು ಲಂಡನ್ನಿನಲ್ಲಿಯೂ ಉಳಿಸಿ, ಬೆಳೆಸಿ, ಟ್ಯೂಬ್ ರೈಲಿನಲ್ಲಿ ನಾನು ಕೂತರೆ ಪಕ್ಕದವರು ತಾವಾಗಿಯೇ ಎದ್ದು ನಿಲ್ಲುವ ಮಟ್ಟಕ್ಕೆ ತಂದೆ. ಸಕ್ಕರೆ ಕಾಯಿಲೆ ಬಂತು. ಮೊಣಕಾಲುಗಳು ಮುಷ್ಕರ ಹೂಡಿದವು. ೨೦೦೬ರ ಚಳಿಗಾಲದಲ್ಲಿ ಆಸ್ಪತ್ರೆಯವರು ನನ್ನ ಜಠರದ ಮೇಲ್ಭಾಗಕ್ಕೆ ಒಂದು ಪಟ್ಟಿ ಬಿಗಿದು ಕಳಿಸಿದರು. ಇದರ ಹೆಸರು ಗ್ಯಾಸ್ಟ್ರಿಕ್ ಬ್ಯಾಂಡ್. ಒಂದು ಹಿಡಿ ಊಟವಾದೊಡನೆ ಅದು ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತದೆ. ಮೇಲೊಂದು ತುತ್ತು ಹಾಕಿದಿರೋ, ಹೋದ ದಾರಿಯಲ್ಲೇ ವಾಪಸು.

ಆಸ್ಪತ್ರೆಯ ಡಯಟೀಶಿಯನ್ ಬಾಯಿ ಸಂವಿಧಾನವೊಂದನ್ನು ಕೈಗಿತ್ತಳು. ಸಣ್ಣ ತಾಟು, ಸಣ್ಣ ಚಮಚ. ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ಊಟದ ನಡುವೆ ನೀರು ಕುಡಿಯಬಾರದು. ಮಾತಾಡುತ್ತ ತಿನ್ನಬಾರದು. ಎರಡನೆಯ ಸಲ ಹಾಕಿಸಿಕೊಳ್ಳಬಾರದು. ನಾನು ಎಲ್ಲವನ್ನೂ ಪಾಲಿಸಿದೆ, ತೂಕವೂ ಇಳಿಯಿತು. ಆದರೆ ಯಾವ ಸಂವಿಧಾನದಲ್ಲೂ ಒಂದು ಸಂದಿ ಇರುತ್ತದೆ. ಐಸ್‌ಕ್ರೀಂ ಕರಗುತ್ತದೆ, ಕರಗಿದ್ದು ಬ್ಯಾಂಡಿನ ಕೆಳಗೆ ಸಲೀಸಾಗಿ ಜಾರುತ್ತದೆ. (ಈ ಸಂಶೋಧನೆ ಸಂಪೂರ್ಣ ನನ್ನದು.) ವಸಂತ ಬಂದು, ಸಂಜೆ ಐಸ್‌ಕ್ರೀಂ ವ್ಯಾನು ಟಿಣಿಟಿಣಿ ಎಂದು ನಮ್ಮ ಬೀದಿಗೆ ತಿರುಗತೊಡಗಿದ ಮೇಲೆ ನನಗೆ ಏಕಾಏಕಿ ವಾಕಿಂಗ್ ಹುಚ್ಚು ಹಿಡಿಯಿತು. ಏಪ್ರಿಲ್ ತಪಾಸಣೆಯಲ್ಲಿ ತೂಕದ ಮುಳ್ಳು ಮೇಲೇರಿತ್ತು. ಜೂನಿನಲ್ಲೂ ಹೀಗೇ ಆದರೆ ಇನ್ಸುಲಿನ್ ಸೂಜಿಯೇ ಗತಿ ಎಂದು ಡಯಟೀಶಿಯನ್ ಬಾಯಿ ನಗುನಗುತ್ತಲೇ ಹೇಳಿದಳು. ನನಗೆ ಸೂಜಿ ಎಂದರೆ ಜೀವ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಅತ್ತೆಯವರು ಆರು ತಿಂಗಳ ವೀಸಾದ ಮೇಲೆ ಬರುತ್ತಾರೆಂಬ ಸುದ್ದಿ ಬಂತು. ಅದೂ ಅಧಿಕ ಮಾಸದಲ್ಲಿ. ನಮ್ಮ ಕಡೆ ಅಧಿಕ ಮಾಸವೆಂದರೆ ಅಳಿಯ ಸಾಕ್ಷಾತ್ ನಾರಾಯಣ. ಅವನನ್ನು ಕೂರಿಸಿ, ಅಕ್ಕಿ ಬೆಲ್ಲದಲ್ಲಿ ಮಾಡಿ ತುಪ್ಪದಲ್ಲಿ ಕರಿದ ಮೂವತ್ತಮೂರು ಅನಾರಸ ಬಾಗಿನ ಕೊಡುತ್ತಾರೆ. ಅಷ್ಟನ್ನೂ ಅಳಿಯನೊಬ್ಬನೇ ತಿನ್ನಬೇಕೆಂಬುದು ಅತ್ತೆಯವರ ಮನೆತನದ ಕಟ್ಟಳೆ. ಹಿಂದೊಮ್ಮೆ ನಾನು ಅದನ್ನು ಕೂತ ಕೂತಲ್ಲೇ ಮುಗಿಸಿ, ಇನ್ನಿಲ್ಲವೇ ಎಂಬಂತೆ ಅತ್ತಿತ್ತ ನೋಡಿದ್ದೆ.

"ನಿಮ್ಮ ಅವ್ವಗ ಆಪರೇಷನ್ ಸುದ್ದಿ ಹೇಳಿಲ್ಲಲ್ಲ ನೀ?" ಎಂದು ಹೆಂಡತಿ ನೀರಜಾಳನ್ನು ಕೇಳಿದೆ.

"ಹರ್ನಿಯಾ ಅಂತ ಹೇಳೀನಿ. ನೀವs ಹೇಳಿದ್ರಲ್ಲ."

"ಹಂಗs ಇರಲಿ. ಉಣಿಸಿದ್ದನ್ನ ಅರಗಿಸ್ಕೊಳ್ಳಲಾರದ ಹೊಟ್ಟಿಗೆ ಪಟ್ಟಿ ಕಟ್ಟಿಸ್ಕೊಂಡಾನ ಅಂತ ಧಾರವಾಡ ತುಂಬ ಆಗೂದು ಬ್ಯಾಡ."

"ನನಗ್ಯಾಕ ಬೇಕು," ಎಂದು ಅವಳು ಕೊತ್ತಂಬರಿ ಹೆಚ್ಚತೊಡಗಿದಳು. ಅಷ್ಟು ಸುಲಭವಾಗಿ ಒಪ್ಪಿಕೊಂಡಳಲ್ಲ ಎಂದು ನನಗೆ ಆಗಲೇ ಸಂಶಯ ಬರಬೇಕಿತ್ತು.

ಅತ್ತೆಯವರು ಬಂದರು. ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಅನಾರಸದ ಹಿಟ್ಟೇ ಹೆಚ್ಚು. ಅವರದೊಂದು ಪದ್ಧತಿಯಿದೆ, ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಮದುವೆಯಾದಂದಿನಿಂದ ನೀರಜಾಳ ಮೂಲಕವೇ ನಮ್ಮ ವ್ಯವಹಾರ. ಈಗ ಆ ಕೆಲಸ ನನ್ನ ಮಗಳು ಸ್ಫೂರ್ತಿಗೆ ಬಂತು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಮಾತ್ರ ಇಂಗ್ಲಿಷೇ ಬರುತ್ತದೆ.

ಅಂದು ರಾತ್ರಿ ಊಟಕ್ಕೆ ಕೂತಾಗ ಅತ್ತೆಯವರು ಸೌಟು ಹಿಡಿದು ನಿಂತೇ ಬಿಟ್ಟರು. "ಸ್ಫೂರ್ತಿ, ನಿಮ್ಮ ಅಪ್ಪಗ ಹೇಳು. ಸಂಕೋಚ ಮಾಡ್ಕೋಬ್ಯಾಡ್ರಿ ಅನ್ನು."

"ಡ್ಯಾಡ್, ಡೋಂಟ್ ಬಿ ಶೈ."

ಆಗ ನನಗೆ ಹೊಳೆಯಿತು. ಧರ್ಮವನ್ನು ಧರ್ಮದಿಂದಲೇ ಎದುರಿಸಬೇಕು. ಗಂಟಲು ಸರಿಮಾಡಿಕೊಂಡು ಘೋಷಿಸಿದೆ: "ಸ್ಫೂರ್ತಿ, ಅಜ್ಜಿಗೆ ಹೇಳು. ಅಧಿಕ ಮಾಸ ಮುಗಿಯೂತನಕಾ ನನ್ನದು ವ್ರತ. ಮೌನಭೋಜನ. ಸಣ್ಣ ತಾಟು. ಒಮ್ಮೆ ಬಡಿಸಿದ್ದಷ್ಟೇ, ಎರಡನೇದ್ದು ವಿಷಕ್ಕ ಸಮಾನ."

ಸಂಧ್ಯಾವಂದನೆಯ ನೀರು ಕೂಡ ಮುಟ್ಟದ ಅಳಿಯನ ಬಾಯಲ್ಲಿ ವ್ರತ. ಅತ್ತೆಯವರ ಕಣ್ಣು ಅರಳಿದವು. ಸೌಟನ್ನು ಪಾತ್ರೆಯಲ್ಲಿಟ್ಟು ಕೈಮುಗಿದರು. "ಶಾಸ್ತ್ರೋಕ್ತ ಮಾಡ್ತಾರೇನ ಕೇಳು."

"ಸಂಪೂರ್ಣ ಶಾಸ್ತ್ರೋಕ್ತ," ಎಂದೆ. ಈ ಎರಡು ಶಬ್ದ ಆಡದಿದ್ದರೆ ನಾನು ಸುಖವಾಗಿರುತ್ತಿದ್ದೆ.

ಶಾಸ್ತ್ರೋಕ್ತವೆಂದರೆ ಬೆಳಗಿನ ಜಾವ ತಣ್ಣೀರು ಸ್ನಾನವಂತೆ. ರೇನರ್ಸ್ ಲೇನಿನ ತಣ್ಣೀರು ಹೇಗಿರುತ್ತದೆಂದು ಶಾಸ್ತ್ರ ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ಆಮೇಲೆ ರೇಷ್ಮೆ ಮಡಿ ಉಟ್ಟು ಪುರಾಣ ಪಾರಾಯಣ. ಮಡಿಯಲ್ಲಿದ್ದಾಗ ಏನನ್ನೂ ಮುಟ್ಟುವಂತಿಲ್ಲ. ಒಂದು ಶನಿವಾರ ಪೋಸ್ಟ್‌ಮ್ಯಾನ್ ಪಾರ್ಸೆಲ್ ತಂದು ಸಹಿಗೆ ಪೆನ್ನು ಚಾಚಿದ. ನಾನು ಬರಿಮೈಯಲ್ಲಿ ಬಾಗಿಲಲ್ಲಿ ನಿಂತು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ನಾಲ್ಕು ಹೆಜ್ಜೆ ಹಿಂದೆ ಸರಿದ. ಅಂದಿನಿಂದ ನಮ್ಮ ಪಾರ್ಸೆಲ್ಲುಗಳನ್ನೆಲ್ಲ ಪಕ್ಕದ ಮನೆಯಲ್ಲೇ ಕೊಟ್ಟು ಹೋಗುತ್ತಾನೆ.

ವ್ಯಾನು ಮಾತ್ರ ದಿನವೂ ಬರುತ್ತಿತ್ತು. ಅತ್ತೆಯವರು ಸಂಜೆ ಜಪಸರ ಹಿಡಿದು ಕೂರುವುದು ಬೀದಿಯ ಕಿಟಕಿಯಲ್ಲಿ. ವ್ರತಸ್ಥನೊಬ್ಬ ವಿಭೂತಿಪುರುಷನಂತೆ ಓಡಾಡಿಕೊಂಡಿದ್ದು, ಸಂಜೆ ಬೀದಿಯಲ್ಲಿ ಕೋನ್ ನೆಕ್ಕುತ್ತ ಸಿಕ್ಕಿಬೀಳುವುದು ಶೋಭೆಯಲ್ಲ. ಟಿಣಿಟಿಣಿ ಸದ್ದು ಮೂಲೆ ತಿರುಗಿ ಹೋಗುವವರೆಗೆ ಪುರಾಣದ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದೆ.

ಸುಳ್ಳೇಕೆ ಹೇಳಲಿ, ಕೆಲವು ದಿನಗಳಲ್ಲಿ ಅದರಲ್ಲೊಂದು ಹಿತ ಕಾಣಿಸಿತು. ಮಾತಿಲ್ಲದೆ, ಟಿವಿಯಿಲ್ಲದೆ ಕೂತು ಉಣ್ಣುವಾಗ ತೊವ್ವೆಗೆ ರುಚಿಯಿದೆಯೆಂದು ಮೊದಲ ಸಲ ಗೊತ್ತಾಯಿತು. ಅತ್ತೆಯವರೂ ನನ್ನ ತಾಟಿಗೆ ಚಮಚದಷ್ಟೇ ಬಡಿಸಿ, ತಾವೂ ಎದುರಿಗೆ ಸುಮ್ಮನೆ ಕೂರುತ್ತಿದ್ದರು. ಜೂನ್ ತಪಾಸಣೆಯಲ್ಲಿ ಮುಳ್ಳು ಚೆನ್ನಾಗಿಯೇ ಕೆಳಗಿಳಿದಿತ್ತು. ಏನು ಮಾಡಿದಿರಿ ಎಂದು ಡಯಟೀಶಿಯನ್ ಬಾಯಿ ಬೆರಗಾದಳು. ಮನೋಬಲ ಎಂದೆ. ಸೂಜಿಯ ಮಾತೇ ಬರಲಿಲ್ಲ. ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ನಿಜಕ್ಕೂ ಸಂತೋಷವಾಗಿದ್ದೆ.

ಉಳಿದದ್ದು ಬಾಗಿನದ ದಿನ. ಬಂದವರು ಕಿಂಗ್ಸ್‌ಬರಿಯ ಬಸವಂತಪ್ಪ ದಂಪತಿ. ಬಸವಂತಪ್ಪ ವಿಜಯಪುರದವನು, ಊಟದ ಪಂಕ್ತಿಯಲ್ಲಿ ನನಗೆ ಸರಿಸಮನಾದ ಏಕೈಕ ಪ್ರತಿಸ್ಪರ್ಧಿ. ನೆಲದ ಮೇಲೆ ಮಣೆ ಹಾಕಿ ನಾರಾಯಣನನ್ನು ಕೂರಿಸಿದರು. ಒಳಗೆ ತುಪ್ಪದ ವಾಸನೆ. ಮೂವತ್ತಮೂರು. ಎರಡೂ ಕಡೆಯಿಂದ ನಾನು ಸಿಕ್ಕಿಬಿದ್ದಿದ್ದೆ. ಬೇಡವೆಂದರೆ ಹಡಗಿನಂಥ ಸೂಟ್‌ಕೇಸಿನಲ್ಲಿ ಹಿಟ್ಟು ಹೊತ್ತು ತಂದ ಜೀವಕ್ಕೆ ನೋವು. ತಿಂದರೆ ಬಾಗಿನ ದೇವರ ಮುಂದೆಯೇ ವಾಪಸು ಬರುತ್ತದೆ. ಯೋಚಿಸುತ್ತ ಮೊದಲ ತುತ್ತು ಅನ್ನ ಬಾಯಿಗಿಟ್ಟೆ. ಮೌನಭೋಜನ ಶುರುವಾಯಿತು.

ಆಗ ಬಸವಂತಪ್ಪ ನನ್ನ ಕಡೆ ಬಾಗಿದ. "ಉದಯಣ್ಣಾರ, ಆ ಬ್ಯಾಂಡ್ ಹಾಕ್ಸಬೇಕಾದ್ರ ಮೊದಲ ಜಿಪಿ ಡಾಕ್ಟರ ಕಡೆ ಹೋಗಬೇಕೇನ್ರಿ, ಇಲ್ಲಾ ಸೀದಾ ಆಸ್ಪತ್ರಿಗೆ ಹೋದ್ರ ನಡೀತೈತ್ರಿ?"

ನಾನು ಅಗಿಯುವುದನ್ನು ನಿಲ್ಲಿಸಿದೆ. ಕಣ್ಣಿನಿಂದಲೇ ನೀರಜಾಳಿಗೆ ತುರ್ತು ತಂತಿ ಕಳಿಸಿದೆ. ಅವಳು ಉಪ್ಪಿನಕಾಯಿ ಭರಣಿಯೊಳಗೆ ಏನನ್ನೋ ಹುಡುಕುತ್ತಿದ್ದಳು.

"ನಿಮ್ಮ ಅತ್ತಿಯವ್ರು ಇಲ್ಲಿ ಗುಡಿಯಾಗ ಎಲ್ಲಾರಿಗೂ ಹೇಳ್ಯಾರ್ರಿ," ಎಂದು ಬಸವಂತಪ್ಪನ ಹೆಂಡತಿ ಸೇರಿಸಿದಳು. "ನಮ್ಮ ಅಳಿಯಂದ್ರು ಹೊಟ್ಟಿಗಿ ಪಟ್ಟಿ ಹಾಕ್ಸ್ಕೊಂಡಾರ, ಆ ಮ್ಯಾಲ ವ್ರತಾನೂ ಹಿಡದಾರ ಅಂತ. ನಮಗ ಅಗದೀ ಖುಷಿ ಆತು ನೋಡ್ರಿ."

ಹೇಳಲು ನನಗೆ ಒಂದು ಸಾವಿರ ಮಾತಿದ್ದವು. ಆದರೆ ನನ್ನದು ಮೌನಭೋಜನ, ಅದೂ ಸಂಪೂರ್ಣ ಶಾಸ್ತ್ರೋಕ್ತ. ಬಾಯಿಯಲ್ಲಿದ್ದ ಅನ್ನವನ್ನು ಬರೀ ಅಗಿದೆ, ಅಗಿದೆ, ಅಗಿಯುತ್ತಲೇ ಹೋದೆ.

ಅತ್ತೆಯವರು ಕಂಚಿನ ತಾಟು ತಂದು ನನ್ನ ಮುಂದಿಟ್ಟು ಮೇಲಿನ ಬಾಳೆ ಎಲೆ ತೆಗೆದರು. ಮೂವತ್ತಮೂರು ಅನಾರಸ ಇದ್ದವು. ಒಂದೊಂದೂ ಕೋಟಿನ ಗುಂಡಿಯಷ್ಟು. ಗಸಗಸೆ ಕೂಡ ಅದರ ಮೇಲೆ ಜಾಗ ಸಾಲದೆ ಜಾರುತ್ತಿತ್ತು.

ಆಮೇಲೆ ನಡೆದದ್ದು ನಮ್ಮ ಸಂಸಾರದ ಚರಿತ್ರೆಯಲ್ಲೇ ಮೊದಲು. ಅತ್ತೆಯವರು ನನ್ನ ಮುಖ ನೋಡಿ ನೇರವಾಗಿ ಮಾತಾಡಿದರು.

"ಒಂದು ಬಾಯಾಗ ಹಾಕೋರಿ. ಉಳದದ್ದು ಪ್ರಸಾದ, ಎಲ್ಲಾರೂ ತಿಂತೀವಿ. ನಿಮ್ಮ ಮಾವನವ್ರು ಸಕ್ಕರಿ ರೋಗದಾಗ ಹೋದ್ರು. ಅವರು ಬ್ಯಾಡ ಬ್ಯಾಡ ಅಂದ್ರೂ ನಾನs ಬಡಸ್ತಿದ್ದೆ. ನೀವು ಆಪರೇಷನ್ ಮಾಡಿಸ್ಕೊಂಡ್ರಿ ಅಂತ ನೀರಜಾ ಅವತ್ತs ಫೋನಿನ್ಯಾಗ ಹೇಳಿದ್ಲು. ನಾ ಹನುಮಪ್ಪಗ ತುಪ್ಪದ ದೀಪಾ ಹಚ್ಚಿ ಬಂದೆ. ಬಂದ ರಾತ್ರಿ ಸಂಕೋಚ ಬ್ಯಾಡ ಅಂದದ್ದೂ, ಸಾಕು ಅನ್ನಲಿಕ್ಕೆ ಸಂಕೋಚ ಬ್ಯಾಡ ಅಂತ."

ನನ್ನ ಕಣ್ಣು ಮಂಜಾಯಿತು. ಒಂದು ಅನಾರಸ ಬಾಯಿಗಿಟ್ಟು ಮೆಲ್ಲಗೆ ಅಗಿದೆ. ಮೂವತ್ತಮೂರನ್ನು ಒಟ್ಟಿಗೆ ನುಂಗಿದ ಹಿಂದಿನ ಸಲ ಅದು ಇಷ್ಟು ರುಚಿಯಾಗಿತ್ತೆಂದು ನೆನಪಿಲ್ಲ. ಉಳಿದವನ್ನು ಬಸವಂತಪ್ಪ ಮಾತಾಡುತ್ತ ಮಾತಾಡುತ್ತ ಒಂದೇ ಹಿಡಿಯಲ್ಲಿ ಮುಗಿಸಿ, ಜಿಪಿ ವಿಚಾರ ಮರೆತುಬಿಟ್ಟ.

ಅತಿಥಿಗಳು ಹೋದ ಮೇಲೆ ನಾನು ಮೌನ ಮುರಿದು ಮೊದಲು ಕೇಳಿದ್ದೇ ಇದು: "ಎಲ್ಲಾ ಗೊತ್ತಿದ್ದೂ ನನ್ನ ತಿಂಗಳ ತನಕಾ ತಣ್ಣೀರಾಗ ಯಾಕ ಅದ್ದಿದ್ರಿ?"

ಅತ್ತೆಯವರು ಮತ್ತೆ ಹಳೆಯ ಪದ್ಧತಿಗೆ ಮರಳಿದರು. "ಸ್ಫೂರ್ತಿ, ನಿಮ್ಮ ಅಪ್ಪಗ ಹೇಳು. ಆಪರೇಷನ್ ಆದವರು ಕದ್ದು ಐಸ್‌ಕ್ರೀಂ ತಿಂತಾರಂತ. ಮಡಿ ಉಟ್ಟವರು ತಿನ್ನೂದಿಲ್ಲ."

"ಡ್ಯಾಡ್, ಶಿ ನ್ಯೂ ಅಬೌಟ್ ದ ವ್ಯಾನ್," ಎಂದಳು ಸ್ಫೂರ್ತಿ. ನೀರಜಾ ಅಡಿಗೆಮನೆಯಲ್ಲಿ ನಗುತ್ತಿದ್ದಳು.

ಅಷ್ಟರಲ್ಲಿ ಬೀದಿಯ ಕೊನೆಯಿಂದ ಟಿಣಿಟಿಣಿ ಕೇಳಿಸಿತು. ಗುಟ್ಟೆಲ್ಲ ಬಯಲಾಗಿತ್ತು, ವ್ರತವೂ ಅಂದಿಗೆ ಮುಗಿದಿತ್ತು. ಸೂಜಿಯ ಭಯವೂ ಸದ್ಯಕ್ಕಿಲ್ಲ. ಒಂದೇ ಒಂದು, ಸಣ್ಣದು, ಎಂದುಕೊಂಡು ಚಪ್ಪಲಿಗೆ ಕಾಲು ಚಾಚಿದೆ.

"ಸ್ಫೂರ್ತಿ," ಎಂದರು ಅತ್ತೆಯವರು ಜಪಸರದಿಂದ ತಲೆಯೆತ್ತದೆ, "ಅಪ್ಪಗ ಇನ್ನೊಂದು ಹೇಳು. ಮುಂದ ಚಾತುರ್ಮಾಸ ಬರ್ತದ. ಅದೂ ಶಾಸ್ತ್ರೋಕ್ತನs ಮಾಡ್ತಾರಂತ ನಾ ಗುಡಿಯಾಗ ಹೇಳಿ ಬಂದೀನಿ. ಅದರಾಗ ಒಂದು ತಿಂಗಳು ಕ್ಷೀರವ್ರತ ಇರ್ತದ, ಹಾಲು ಮುಟ್ಟೂಹಂಗಿಲ್ಲ. ರೂಢಿ ಇವತ್ತಿನಿಂದನs ಆಗಲಿ."

"ನೋ ಮಿಲ್ಕ್, ಡ್ಯಾಡ್," ಎಂದು ಸ್ಫೂರ್ತಿ ಸಂಕ್ಷಿಪ್ತವಾಗಿ ಅನುವಾದಿಸಿ, ನನ್ನ ಕೈಯಲ್ಲಿದ್ದ ಚಿಲ್ಲರೆಯನ್ನು ತಾನು ತೆಗೆದುಕೊಂಡು ವ್ಯಾನಿನ ಕಡೆಗೆ ಓಡಿದಳು. ನಾನು ನಾಳೆಯ ಮಡಿ ಒಣಹಾಕಲು ಹಿತ್ತಲಿಗೆ ಹೋದೆ.