ಹಂಪ್ ಬಂತು, ಇಳೀರಿ!

ನಮ್ಮ ಕಾಕಾನ ಕಾರಿನಲ್ಲಿ ಸಿಂಧನೂರಿನಿಂದ ಲಿಂಗಸುಗೂರಿಗೆ ಹೋದವರೆಲ್ಲ ಆ ದಾರಿಯನ್ನು ಅಷ್ಟಿಷ್ಟು ನಡೆದೇ ಸವೆಸಿದ್ದಾರೆ ಎಂದರೆ ನೀವು ನಂಬುವುದಿಲ್ಲ. ಕಾರು ಕೆಟ್ಟಿತ್ತೇ? ಇಲ್ಲ. ಪೆಟ್ರೋಲು ಮುಗಿದಿತ್ತೇ? ಅದೂ ಇಲ್ಲ. ಕಾರು ಹೊಚ್ಚ ಹೊಸದು, ಕುಂಕುಮದಂಥ ಕೆಂಪು. ಮೈಕೈ ಗಟ್ಟಿಯಿರುವ ಹುಡುಗರು ಜೋರಾಗಿ ಓಡಿಸಲಿ ಎಂದೇ ಮಾಡಿದ ಚಿಕ್ಕ ಸ್ಪೋರ್ಟ್ ಗಾಡಿ. ಹಿಂದೆ ರೆಕ್ಕೆಯಂಥದ್ದು, ಕೆಳಗೆ ದಪ್ಪ ಗಾಲಿ, ಸೈಲೆನ್ಸರಿಗೆ ಎರಡು ಬಾಯಿ. ಇಂಥ ಗಾಡಿ ಹತ್ತಿ ನಾವು ನಡೆಯುತ್ತಿದ್ದೆವು!

ಕಾರಣ ಹಂಪು, ಅಂದರೆ ಗಾಡಿಗಳ ಓಟ ತಗ್ಗಿಸಲು ರಸ್ತೆಗೆ ಅಡ್ಡ ಹಾಕಿದ ಉಬ್ಬು. ಆ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ, ನಮ್ಮ ಕಡೆಯ ಹಂಪುಗಳು ಮುಗಿಲಿಗೆ ಹತ್ತಿರ. ಶಾಲೆಯ ಮುಂದೆ ಒಂದು, ಗುಡಿಯ ಮುಂದೆ ಒಂದು, ಊರ ಗೌಡರ ಮನೆಯ ಮುಂದೆ ಇನ್ನೊಂದು. ಅಲ್ಲೇಕೆ ಎಂದು ಮಾತ್ರ ಕೇಳಬಾರದು. ಕಾರಿನಲ್ಲಿ ಜನ ತುಂಬಿದರೆ ಅದು ಕುಗ್ಗುತ್ತದೆ, ಹಂಪು ದಾಟುವಾಗ ಹೊಟ್ಟೆ ಉಜ್ಜುತ್ತದೆ. ಅದಕ್ಕೆ ಕಾಕಾ ಒಂದು ಕಾಯಿದೆ ಮಾಡಿದ್ದ. ಹಂಪು ಕಂಡ ಕೂಡಲೇ ಗಾಡಿ ಬದಿಗೆ ನಿಲ್ಲಿಸಿ, "ಹಂಪ್ ಬಂತು, ಇಳೀರಿ!" ಎಂದು ಕೂಗುತ್ತಿದ್ದ. ನಾವೆಲ್ಲ ಇಳಿದು, ಹಂಪು ದಾಟಿ, ಆಚೆ ಹೋಗಿ ನಿಲ್ಲಬೇಕು. ಅವನು ಒಬ್ಬನೇ ಕುಳಿತು ಗಾಡಿಯನ್ನು ಓರೆ ಮಾಡಿ, ನಾಲಿಗೆ ಕಚ್ಚಿಕೊಂಡು, "ಬಾ ನನ್ನವ್ವ, ಸಾವಕಾಶ ಬಾ" ಎಂದು ಎಮ್ಮೆ ಕರೆದಂತೆ ಕರೆಯುತ್ತ ದಾಟಿಸುತ್ತಿದ್ದ. ನಾವು ಮತ್ತೆ ಹತ್ತಿ, ಬೆಲ್ಟು ಹಾಕಿಕೊಂಡು, ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಹಂಪು!

ಆಗ ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಮಾಸ್ತರ, ಇದ್ದದ್ದು ಸಿಂಧನೂರಿನಲ್ಲಿ ಕಾಕಾನ ಮನೆಯಲ್ಲೇ. ಸಿಂಧನೂರಿನ ಮಾರುಕಟ್ಟೆಯಲ್ಲಿ ಕಾಕಾನದು ಭತ್ತದ ದಲ್ಲಾಳಿ ಅಂಗಡಿ. ವ್ಯವಹಾರ ಮಸ್ಕಿಗೂ ಲಿಂಗಸುಗೂರಿಗೂ ಹಬ್ಬಿತ್ತಾದ್ದರಿಂದ ದಿನಾ ಬೆಳಗ್ಗೆ ಆ ಕಡೆ ಹೋಗಲೇಬೇಕು. ನಮ್ಮ ಚಿಗವ್ವನ, ಅಂದರೆ ಕಾಕಾನ ಹೆಂಡತಿಯ ತವರು ಮಸ್ಕಿ. ಅವಳಿಗೆ ಅಲ್ಲಿ ಹಾಸಿಗೆ ಹಿಡಿದ ತಾಯಿ. ಹೀಗಾಗಿ ಮುಂದೆ ಅವರಿಬ್ಬರು, ಹಿಂದೆ ಗಿರಾಕಿಗಳಿಗೆ ತೋರಿಸುವ ಭತ್ತದ ಶಾಂಪಲ್ಲಿನ ಗಂಟುಗಳ ನಡುವೆ ನಾನು. ಬಸ್ಸಿಗೆ ಹೋದರೆ ಬೇಗ ಮುಟ್ಟುತ್ತಿದ್ದೆ ನಿಜ. ಆದರೆ ಬಸ್ಸಿನಲ್ಲಿ ಇಷ್ಟು ಜಗಳ ಕೇಳಲು ಸಿಗುತ್ತಿತ್ತೇ?

ಜಗಳದ ಮೂಲ ಚಿಗವ್ವನ ಮೊಣಕಾಲು. ಅವೆರಡೂ ಆಗಲೇ ತಕರಾರು ತೆಗೆದಿದ್ದವು. ಕಾರು ಕೊಳ್ಳಲು ರಾಯಚೂರಿಗೆ ಹೊರಟಾಗ ಅವಳು ಕೇಳಿದ್ದು ಒಂದೇ ಮಾತು: "ಬಣ್ಣ ಯಾವುದರ ಇರಲಿ. ಎತ್ತರದ್ದು ತಗೋರಿ. ಇಳಿಯಾಕ ಹತ್ತಾಕ ನನಗ ಸಲೀಸ್ ಆಗಬೇಕು." ಕಾಕಾ ಹೂಂ ಎಂದು ಹೋದವನು ಸಂಜೆ ಹೊತ್ತಿಗೆ ಈ ಕೆಂಪು ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಚಿಗವ್ವ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಗಾಡಿ ಅವಳ ಸೊಂಟದ ಮಟ್ಟಕ್ಕೆ ನಿಂತಿತ್ತು.

"ಎತ್ತರದ್ದು ಅಂದಿದ್ದೆ."

"ಅಂದಿದ್ದಿ ಖರೆ. ಆದ್ರ ಅಂಗಡ್ಯಾಂವ ಇದನ್ನ ಚಾಲೂ ಮಾಡಿ ತೋರಿಸಿದ ನೋಡು, ನಮ್ಮಪ್ಪ ಹಳ್ಳದ ದಂಡಿ ಮ್ಯಾಲೆ ಇಟ್ಟಿದ್ದ ಡೀಸೆಲ್ ಇಂಜಿನ್ನಿನ ದನಿ ನೆನಪಾತು. ಕಣ್ಣಾಗ ನೀರ ಬಂತು."

"ಹಂಗಾದ್ರ ಆ ಇಂಜಿನ್ನ ತರಬೇಕಿತ್ತು. ಇದರಾಗ ಕುಂತು ಏಳಾಕ ನನಗ ಇಬ್ರು ಹಮಾಲರು ಬೇಕು!"

ಆದರೂ ಆರತಿ ಬೆಳಗಿದಳು. ಬಾನೆಟ್ಟಿಗೆ ವಿಭೂತಿ ಹಚ್ಚಿದಳು. ಗಾಲಿಯ ಕೆಳಗೆ ನಿಂಬೆಹಣ್ಣು ಇಡುವಾಗ ಬಗ್ಗಿ ಏಳಲಾರದೆ ನನ್ನ ಹೆಗಲು ಹಿಡಿದಳು.

ಹಂಪಿನ ಕಾಯಿದೆ ಜಾರಿಗೆ ಬಂದ ಮೇಲೆ ಅವಳ ಕಷ್ಟ ಹೆಚ್ಚಾಯಿತು. ನಾನಾದರೆ ಜಿಗಿದು ಇಳಿಯುತ್ತಿದ್ದೆ. ಅವಳು ಮೊದಲು ಒಂದು ಕಾಲು ಹೊರಗಿಟ್ಟು, ಬಾಗಿಲು ಹಿಡಿದು, "ಶಿವಾ" ಎಂದು, ಆಮೇಲೆ ಇನ್ನೊಂದು ಕಾಲು ತಂದು, ಮತ್ತೊಮ್ಮೆ "ಶಿವಾ" ಎಂದು ಏಳಬೇಕು. ಪ್ರತಿ ಹಂಪಿಗೂ ಇಷ್ಟು ಶಿವಸ್ಮರಣೆ ಮಾಡಿದವಳಿಗೆ ಕೈಲಾಸದಲ್ಲಿ ಜಾಗ ಕಾದಿರಿಸಿರಬೇಕು. ಆದರೆ ಕಾಕಾನಿಗೆ ಕರಗುವ ಮನಸ್ಸಿರಲಿಲ್ಲ.

"ಒಂದು ದಿನಾನರ ನನ್ನ ಕುಂದ್ರಿಸಿಕೊಂಡು ಹಂಪ್ ದಾಟಸ್ತೀರೋ ಇಲ್ಲೋ, ನಾನೂ ನೋಡ್ತೀನಿ" ಎಂದು ಅವಳು ಕೇಳುತ್ತಿದ್ದಳು.

"ಗಾಡಿ ಹೊಟ್ಟಿ ಉಜ್ಜಿದ್ರ?"

"ನನ್ನ ಮೊಣಕಾಲ ಉಜ್ಜಿದ್ರ?"

"ನಿನ್ನ ಮೊಣಕಾಲಿಗೆ ಎಣ್ಣಿ ಹಚ್ಚಬಹುದು. ಗಾಡಿ ಹೊಟ್ಟಿಗೆ ಏನು ಹಚ್ಚಲಿ?"

ನಾನು ಹಿಂದೆ ಕುಳಿತು ಕಿಟಕಿಯಾಚೆಯ ಹೊಲ ನೋಡುತ್ತಿದ್ದೆ.

ಕಾಕಾನಿಗೆ ಮನುಷ್ಯರೆಲ್ಲ ತೂಕವಾಗಿ ಕಾಣತೊಡಗಿದ್ದು ಆಗಲೇ. ಬೀಗರು ಬಂದರೆ "ಆರಾಮ ಅದೀರೇನ್ರಿ?" ಎಂದು ಕೇಳುವ ಬದಲು ಕೆಳಗಿನಿಂದ ಮೇಲಿನವರೆಗೆ ನೋಡಿ, "ಒಂದು ಚೀಲದ ಮ್ಯಾಲ ಆಗಬಹುದು" ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದ. ಅಂಗಡಿಯಲ್ಲಿ ಭತ್ತದ ಚೀಲ ತೂಗುವ ಕಾಟಾ ಇತ್ತಲ್ಲ, ದೂರದ ಪ್ರಯಾಣವಿದ್ದರೆ ನಮ್ಮನ್ನೂ ಅದರ ಮೇಲೆ ನಿಲ್ಲಿಸುತ್ತಿದ್ದ. ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬುದು ಅಲ್ಲೇ ತೀರ್ಮಾನ. ಒಮ್ಮೆ ಲಗ್ನಕ್ಕೆ ಹೊರಟಾಗ ನಮ್ಮ ಸೋದರತ್ತೆಯನ್ನು ಕಾಟಾದ ಮೇಲೆ ನಿಲ್ಲಿಸಿ, ಹಮಾಲರ ಎದುರೇ ಜೋರಾಗಿ ತೂಕ ಓದಿಬಿಟ್ಟ. ಅತ್ತೆ ಕೆಂಪಗಾಗಿ, "ಜರಿ ಸೀರಿ ಉಟ್ಟೀನೋ, ಅದರ ತೂಕಾನೂ ಐತಿ!" ಎಂದಳು. ಕಾಕಾ ಗಂಭೀರವಾಗಿ, "ಬಾರದಾನದ ತೂಕ ಕಳದೇ ಹೇಳೀನವ್ವಾ" ಎಂದ. ಖಾಲಿ ಚೀಲದ ತೂಕ ಕಳೆಯುವುದು ನಮ್ಮ ಮಾರುಕಟ್ಟೆಯ ಪದ್ಧತಿ. ಅತ್ತೆ ಆಮೇಲೆ ಬಹಳ ಕಾಲ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಇಷ್ಟೆಲ್ಲ ಆದರೂ ಆ ಗಾಡಿಯಲ್ಲಿ ಒಂದು ಸುಖವಿತ್ತು, ಸುಳ್ಳು ಹೇಳಬಾರದು. ಸಿಂಧನೂರು ದಾಟಿದ ಮೇಲೆ ಒಂದು ಕಡೆ ರಸ್ತೆ ನೆಟ್ಟಗೆ ಮಲಗಿತ್ತು. ಎರಡೂ ಕಡೆ ಕಾಲುವೆ ನೀರು ಕುಡಿದು ನಿಂತ ಹಸಿರು ಭತ್ತ. ಅಲ್ಲಿ ಕಾಕಾ ಮುಂದೆ ಹಿಂದೆ ನೋಡಿ, ಟ್ರ್ಯಾಕ್ಟರ್ ಇಲ್ಲ, ಕುರಿ ಹಿಂಡು ಇಲ್ಲ ಎಂದು ಖಾತ್ರಿ ಮಾಡಿಕೊಂಡು, "ಹಿಡ್ಕೋರಿ!" ಎಂದು ಸ್ಪೋರ್ಟ್ ಎಂಬ ಗುಂಡಿ ಒತ್ತುತ್ತಿದ್ದ. ಗಾಡಿ ಗುರ್ ಎಂದು ಮೈ ಕೊಡವಿ ಹಾರುತ್ತಿತ್ತು. ಬೆನ್ನು ಸೀಟಿಗೆ ಅಂಟುತ್ತಿತ್ತು. ಶಾಂಪಲ್ಲಿನ ಗಂಟು ಬಿಚ್ಚಿ ಭತ್ತ ನನ್ನ ಮೈಮೇಲೆಲ್ಲ ಸುರಿಯುತ್ತಿತ್ತು. ಚಿಗವ್ವ ಕಣ್ಣು ಮುಚ್ಚಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಹೆದರಿಕೆ ಎಂದು ನಾನು ತಿಳಿದಿದ್ದೆ. ಒಂದು ದಿನ ಮುಂದಿನ ಕನ್ನಡಿಯಲ್ಲಿ ನೋಡುತ್ತೇನೆ, ಅವಳು ನಗುತ್ತಿದ್ದಳು! ಅಷ್ಟರಲ್ಲಿ ಊರು ಬಂತು, ಹಂಪ್ ಬಂತು, "ಇಳೀರಿ" ಬಂತು.

ಕಾಕಾನ ಕಾಯಿದೆಗೆ ದೊಡ್ಡವರು ಸಣ್ಣವರು ಎಂಬ ಭೇದವಿರಲಿಲ್ಲ. ಮಸ್ಕಿಯಲ್ಲಿ ಒಂದು ಗೃಹಪ್ರವೇಶಕ್ಕೆ ಮಠದ ಅಜ್ಜಾರನ್ನು, ಅಂದರೆ ಸ್ವಾಮಿಗಳನ್ನು, ಕರೆದೊಯ್ಯುವ ಕೆಲಸ ಅವನಿಗೆ ಬಂತು. ಅಜ್ಜಾರು ತಾವೊಬ್ಬರೇ ಒಂದೂವರೆ ಚೀಲ. ಮೊದಲ ಹಂಪು ಬಂದಾಗ ಕಾಕಾ ಕೈಮುಗಿದು, "ಅಜ್ಜಾರ, ಜರಾ ಪಾದ ಬೆಳೆಸಬೇಕ್ರಿ" ಎಂದ. ಅಜ್ಜಾರು ಕಾವಿ ಸರಿಪಡಿಸಿಕೊಂಡು ಇಳಿದರು. ಊರ ಜನ ನೋಡಿದರು. ಅಜ್ಜಾರು ನಮ್ಮೂರಾಗ ನಡೆದು ಬರಾಕತ್ತಾರ ಎಂದು ಒಬ್ಬ ಓಡಿದ. ಕ್ಷಣದಲ್ಲಿ ಕೊಡ ನೀರು ಬಂತು, ಹೂವು ಬಂತು, ಹಂಪಿನ ಮೇಲೆಯೇ ಅಜ್ಜಾರನ್ನು ನಿಲ್ಲಿಸಿ ಪಾದಪೂಜೆ ಶುರುವಾಯಿತು! ಎರಡೂ ಕಡೆ ಲಾರಿಗಳು ಸಾಲುಗಟ್ಟಿದವು. ಮುಂದಿನ ಊರಿಗೆ ಸುದ್ದಿ ಫೋನಿನಲ್ಲಿ ಮೊದಲೇ ಹೋಗಿತ್ತು, ಅಲ್ಲಿ ಹಂಪಿನ ಬಳಿ ಡೊಳ್ಳು ತಯಾರು. ಮಸ್ಕಿ ಮುಟ್ಟುವಾಗ ಗೃಹಪ್ರವೇಶದ ಊಟವೂ ಮುಗಿದಿತ್ತು. ಮನೆಯವರು ಸಿಟ್ಟಾದರೆ ಕಾಕಾ, "ನನ್ನ ಗಾಡಿ ದೆಸೆಯಿಂದ ಎಷ್ಟು ಊರು ಉದ್ಧಾರ ಆದವು, ಅದನ್ನ ನೋಡ್ರಿ" ಎಂದ. ಅಜ್ಜಾರು ಹಿಂತಿರುಗುವಾಗ ಮಾತ್ರ ಟ್ರ್ಯಾಕ್ಟರಿನಲ್ಲಿ ಹೋದರು.

ಸುಗ್ಗಿಯಲ್ಲಿ ಇನ್ನೊಂದು ಪೇಚು. ನಮ್ಮ ಕಡೆ ರೈತರು ಭತ್ತವನ್ನು ಡಾಂಬರು ರಸ್ತೆಯ ಮೇಲೆ ಹರವಿ ಒಣಗಿಸುತ್ತಾರೆ. ಎತ್ತರದ ಗಾಡಿಗಳು ಹಾಯಾಗಿ ದಾಟಿ ಹೋಗುತ್ತವೆ. ನಮ್ಮದು ಒಮ್ಮೆ ಹೊಟ್ಟೆಯಿಂದ ಭತ್ತ ಬಳಿದುಕೊಂಡು ಹೋಗಿ, ದಿನ್ನೆಯ ಮೇಲೆ ಕುಳಿತು, ಗಾಲಿಗಳನ್ನು ಗಾಳಿಯಲ್ಲಿ ತಿರುಗಿಸತೊಡಗಿತು. ಭತ್ತದ ಒಡತಿ ಸಾಲಗುಂದದ ಮುದುಕಿ ಸೊಂಟಕ್ಕೆ ಕೈಯಿಟ್ಟು ನಿಂತು, "ಏನಪ್ಪಾ, ನನ್ನ ಭತ್ತಕ್ಕ ಕಾವು ಕುಂದ್ರಾಕತ್ತೈತೇನು ನಿನ್ನ ಗಾಡಿ?" ಎಂದಳು. ಕೊನೆಗೆ ಹಿಂದಿನ ಲಾರಿಯ ಹಮಾಲರು ಇಳಿದು, "ಹೈಸಾ" ಎಂದು ಗಾಡಿಯನ್ನು ಚೀಲದಂತೆ ಎತ್ತಿ ಆಚೆ ಇಟ್ಟರು. ಕಾಕಾ ಅವರಿಗೆ ಚಹಾ ಹೇಳುವ ಮೊದಲು ಹೆಗಲ ಟವೆಲ್ಲು ನೆಲಕ್ಕೆ ಹಾಸಿ, ಅದರ ಮೇಲೆ ಅಂಗಾತ ಮಲಗಿ, ಗಾಡಿಯ ಹೊಟ್ಟೆಯ ಮೇಲೆ ಕೈಯಾಡಿಸಿ ನೋಡಿದ. ಎಲ್ಲಿಯಾದರೂ ಚೂರು ಸದ್ದು ಕೇಳಿದರೂ ಅವನು ಹಾಗೆ ಮಲಗಿ ನೋಡಲೇಬೇಕು. "ನನಗ ಜ್ವರ ಬಂದಾಗ ಸೈತ ಹಿಂಗ ಮುಟ್ಟಿ ನೋಡಿಲ್ಲ" ಎಂದು ಚಿಗವ್ವ ನನಗೆ ಕೇಳುವಂತೆ ಹೇಳಿದಳು. ಆ ಮಾತಿಗೆ ನನಗೆ ನಗು ಬರಲಿಲ್ಲ.

ಈಗ ನನಗೆ ಯಾದಗಿರಿ ಕಡೆ ವರ್ಗವಾಗಿದೆ. ನನ್ನದೂ ಒಂದು ಕಾರಿದೆ, ಎತ್ತರದ್ದು. ಹಂಪು ಬಂದದ್ದೇ ಗೊತ್ತಾಗುವುದಿಲ್ಲ. ಆದರೂ ಬೇರೆಯವರು ಓಡಿಸುವಾಗ ಹಂಪು ಕಂಡರೆ ನನ್ನ ಕೈ ತಾನಾಗಿ ಬಾಗಿಲಿನ ಹಿಡಿಗೆ ಹೋಗುತ್ತದೆ. ಹೆಂಡತಿ ನಗುತ್ತಾಳೆ. ನನಗೆ ಆ ಬೆಳಗುಗಳು, ಮೈಮೇಲೆ ಸುರಿದ ಭತ್ತ, ಹಂಪಿನ ಆಚೆ ನಿಂತು ಚಿಗವ್ವ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದುದು, ಎಲ್ಲ ನೆನಪಾಗುತ್ತದೆ. ವರ್ಗವಾಗುವ ಸ್ವಲ್ಪ ಮೊದಲು ನಡೆದದ್ದನ್ನು ಹೇಳಿ ಮುಗಿಸುತ್ತೇನೆ.

ತಾಯಿಯನ್ನು ನೋಡಲು ಮಸ್ಕಿಗೆ ಹೋಗಿದ್ದ ಚಿಗವ್ವ ಅಲ್ಲಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದಳು. ಮೊಣಕಾಲಿನ ಬಳಿಯೇ ಎಲುಬು ಮುರಿಯಿತು. ಲಿಂಗಸುಗೂರಿನ ದವಾಖಾನೆಯಲ್ಲಿ ಆಪರೇಷನ್ ಆಯಿತು. ಕಾಕಾ ಅಂಗಡಿ ಮರೆತು ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಮನೆಗೆ ಕಳಿಸುವ ದಿನ ಅವನೇ ಮಾರುಕಟ್ಟೆಯ ಗೆಳೆಯನಿಗೆ ಹೇಳಿ ಎತ್ತರದ, ದೊಡ್ಡ ಗಾಡಿ ತರಿಸಿದ್ದ. ಗಾಲಿ ಕುರ್ಚಿಯಲ್ಲಿ ಹೊರಗೆ ಬಂದ ಚಿಗವ್ವ ಅದನ್ನು ನೋಡಿದಳು, ಮರದ ನೆರಳಿನಲ್ಲಿ ನಿಂತಿದ್ದ ಕೆಂಪು ಗಾಡಿಯನ್ನೂ ನೋಡಿದಳು.

"ನಾ ನಮ್ಮ ಗಾಡ್ಯಾಗ ಬರ್ತೀನಿ."

ಕಾಕಾ ಗಾಬರಿಯಾದ. "ಏ, ಈ ಕಾಲಿಲೆ ನಿನಗ ನಡುವ ಇಳಿಯಾಕ ಬರಂಗಿಲ್ಲ."

"ನಾ ಇಳಿಯಂಗಿಲ್ಲ" ಎಂದಳು ಚಿಗವ್ವ.

ಕಾಕಾ ನನ್ನ ಮುಖ ನೋಡಿದ. ಎತ್ತರದ ಗಾಡಿಯನ್ನು ವಾಪಸು ಕಳಿಸಿ, ಕೆಂಪು ಗಾಡಿಯ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ದಿಂಬು ಇಟ್ಟು, ಕಟ್ಟು ಹಾಕಿದ ಕಾಲನ್ನು ಉದ್ದಕ್ಕೆ ಚಾಚಿಸಿ ಕೂಡಿಸಿದೆವು. ಹಾಸಿಗೆ, ಪಾತ್ರೆ, ಔಷಧದ ಚೀಲ ಎಲ್ಲ ಹಿಂದೆ ತುಂಬಿ, ಉಳಿದ ಸಂದಿಯಲ್ಲಿ ನಾನು ಸೇರಿಕೊಂಡೆ. ಗಾಡಿ ಆಗಲೇ ನೆಲ ಮುದ್ದಿಡುತ್ತಿತ್ತು.

ಮೊದಲ ಹಂಪು ಬಂತು. ರೂಢಿಯಂತೆ ಕಾಕಾ ಗಾಡಿ ನಿಲ್ಲಿಸಿದ. ರೂಢಿಯಂತೆ ಬಾಯಿ ತೆರೆದ. ಚಿಗವ್ವ ಸೀರೆಯ ನೆರಿಗೆ ಸರಿ ಮಾಡಿಕೊಂಡು ನೆಟ್ಟಗೆ ಮುಂದೆ ನೋಡುತ್ತ ಕುಳಿತಿದ್ದಳು.

"ಮಾಸ್ತರ, ನೀ ಇಳಿಯಪಾ. ನಿನ್ನ ಕಾಲು ಗಟ್ಟಿ ಅದಾವಲ್ಲ" ಎಂದ ಕಾಕಾ.

ನಾನು ಇಳಿದು ರಸ್ತೆಯ ಬದಿಯಲ್ಲಿ ನಡೆದೆ. ಗಾಡಿ ಮೆಲ್ಲಗೆ ಹಂಪು ಏರಿತು. ಕರ್ ಎಂದು ಹೊಟ್ಟೆ ಉಜ್ಜಿತು. ಚಹಾದಂಗಡಿಯವರೆಲ್ಲ ತಿರುಗಿ ನೋಡುವಂಥ ಸದ್ದು. ಕಿಟಕಿಯಿಂದ ಚಿಗವ್ವನ ಕೂಗು ಕೇಳಿತು: "ಅಯ್ಯ, ತಡೀರಿ, ತಡೀರಿ! ಹೊಟ್ಟಿ ಉಜ್ಜಾಕತ್ತೈತಿ!"

"ಉಜ್ಜಲಿ" ಎಂದ ಕಾಕಾ. "ನಿನಗ ನೋವಾತೇನು?"

ನಾನು ಹತ್ತಿ ಕುಳಿತಾಗ ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಈ ಸಲ ಅವಳು ನಗುತ್ತಿರಲಿಲ್ಲ.

ಸಿಂಧನೂರು ಮುಟ್ಟುವವರೆಗೂ ಹಾಗೆಯೇ. ಪ್ರತಿ ಹಂಪಿಗೂ ನಾನು ಇಳಿದು ನಡೆದೆ, ಗಾಡಿ ಉಜ್ಜಿಸಿಕೊಂಡು ದಾಟಿತು, ಕಾಕಾ "ಗಾಡಿಗೆ ಏನೂ ಆಗಂಗಿಲ್ಲ, ನಿನಗ ನೋವಾತೇನು?" ಎಂದು ಕೇಳಿದ. ಆ ನೆಟ್ಟನೆಯ ರಸ್ತೆ ಬಂದಾಗಲೂ ಅವನು ಗುಂಡಿ ಒತ್ತಲಿಲ್ಲ. ಒಂದು ಎತ್ತಿನ ಬಂಡಿಯ ಹಿಂದೆಯೇ ಸಾವಕಾಶ ಬಂದ.

ಮನೆಯ ಮುಂದೆ ಗಾಡಿ ನಿಂತಾಗ ಅವನು ಟವೆಲ್ಲು ಹಾಸಿ ಮಲಗುತ್ತಾನೆ ಎಂದು ನಾನು ಕಾದೆ. ಅವನು ಗಾಡಿಯ ಕಡೆ ತಿರುಗಿಯೂ ನೋಡದೆ, ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು, ಎರಡೂ ಕೈ ಚಾಚಿ ನಿಂತ. ಚಿಗವ್ವ ಅವನ ಕೊರಳು ಹಿಡಿದು ಏಳುತ್ತ, "ತಮ್ಮಾ, ಒಂದೀಟು ಬಗ್ಗಿ ನೋಡಪಾ, ಗಾಡಿಗೆ ಏನರ ಆಗೇತೇನು" ಎಂದಳು.

ನಾನು ಬಗ್ಗಿ ನೋಡಿದೆ. ಹೊಟ್ಟೆಯ ಉದ್ದಕ್ಕೂ ವಿಭೂತಿ ಎಳೆದಂತೆ ಬೆಳ್ಳಗೆ ಗೀರುಗಳು.

"ಏನೂ ಆಗಿಲ್ಲ ಚಿಗವ್ವ" ಎಂದೆ.

"ನಾ ಹೇಳಲಿಲ್ಲ?" ಎನ್ನುತ್ತ ಕಾಕಾ ಅವಳನ್ನು ಎತ್ತಿಕೊಂಡು ಒಳಗೆ ನಡೆದ. ಎಷ್ಟು ಚೀಲ ಎಂದು ಹೇಳಲಿಲ್ಲ.